ಶಿಬಿರದ ದಿನವೇ ನಾಯಿ ಕೊಟ್ಟು ಕಳಿಸಬೇಡಿ: ಪುಣೆಯ ಕನ್ನಡ ಸಂಘಗಳಿಗೂ ದತ್ತು ಶಿಬಿರ ನಡೆಸುವವರಿಗೂ ಒಂದು ಬಹಿರಂಗ ಪತ್ರ

ಮಾನ್ಯರೆ,

ಪುಣೆ, ಪಿಂಪ್ರಿ-ಚಿಂಚ್‌ವಾಡ್ ಕಡೆ ನಾಯಿಗಳ ದತ್ತು ಶಿಬಿರಗಳು ಹೆಚ್ಚುಕಡಿಮೆ ಒಂದೇ ಅಚ್ಚಿನಲ್ಲಿ ನಡೆಯುತ್ತವೆ. ಭಾನುವಾರ ಬೆಳಿಗ್ಗೆ ಪೆಂಡಾಲು ಏಳುತ್ತದೆ. ಬುಟ್ಟಿಗಳಲ್ಲಿ ಮರಿಗಳು, ಕಂಬಕ್ಕೆ ಕಟ್ಟಿದ ನಾಲ್ಕಾರು ದೊಡ್ಡ ನಾಯಿಗಳು. ಒಂದು ಪುಟದ ಅರ್ಜಿ, ಆಧಾರ್ ಪ್ರತಿ, ಒಂದು ಫೋಟೋ. ಊಟದ ಹೊತ್ತಿಗೆ ನಾಯಿ ವಾಕಡ್‌ಗೋ ಖರಾಡಿಗೋ ಹೊರಟಾಗಿರುತ್ತದೆ. ಎಷ್ಟು ನಾಯಿಗಳಿಗೆ ಮನೆ ಸಿಕ್ಕಿತು ಎಂಬುದು ಸಂಜೆಯ ಭಾಷಣದಲ್ಲಿ ಬರುತ್ತದೆ. ಎಷ್ಟು ವಾಪಸ್ ಬಂದವು ಎಂಬುದನ್ನು ಯಾರೂ ಮೈಕಿನಲ್ಲಿ ಹೇಳುವುದಿಲ್ಲ.

ನಾವು ಈ ಕೆಲಸದ ಒಳಗಿರುವವರು. ಸಂಘಗಳು ಸಭಾಂಗಣ ಕೊಟ್ಟು, ಊಟ ಹಾಕಿಸಿ, ಜನ ಸೇರಿಸಿ ಮಾಡುವ ಉಪಕಾರ ನಮಗೆ ಗೊತ್ತು. ಆದ್ದರಿಂದಲೇ ಬಿಚ್ಚಿ ಹೇಳುತ್ತಿದ್ದೇವೆ. ನಮ್ಮ ಕೋರಿಕೆ ಎರಡು: ಶಿಬಿರದ ದಿನವೇ ನಾಯಿಯನ್ನು ಕೈಗೆ ಕೊಡಬೇಡಿ, ಅರ್ಜಿ ತುಂಬುವವರ ಜೊತೆಗೆ, ಹಗಲಿಡೀ ಆ ನಾಯಿಯೊಡನೆ ಮನೆಯಲ್ಲಿ ಇರುವವರನ್ನೂ ಮಾತಾಡಿಸಿ.

ಎರಡನೆಯದನ್ನೇ ಮೊದಲು ಹೇಳುತ್ತೇವೆ. ಇಲ್ಲಿನ ಬಹಳಷ್ಟು ಕನ್ನಡದ ಮನೆಗಳಲ್ಲಿ ಮಗ-ಸೊಸೆ ಇಬ್ಬರೂ ಹಿಂಜವಾಡಿಯ ಕಂಪನಿಗಳಲ್ಲಿರುತ್ತಾರೆ. ಮೊಮ್ಮಗುವನ್ನು ನೋಡಿಕೊಳ್ಳಲು ಗದಗಿನಿಂದಲೋ ವಿಜಯಪುರದಿಂದಲೋ ಬಂದ ತಾಯಿ ಮನೆಯಲ್ಲಿ. ಶಿಬಿರಕ್ಕೆ ಬರುವವನು ಮಗ. ಅರ್ಜಿ ಇಂಗ್ಲಿಷಿನಲ್ಲೋ ಮರಾಠಿಯಲ್ಲೋ ಇರುತ್ತದೆ. ‘ಹಗಲು ಮನೆಯಲ್ಲಿ ಯಾರಿರುತ್ತಾರೆ?’ ಎಂಬಲ್ಲಿ ‘ತಾಯಿ’ ಎಂದು ಬರೆದ ಕೂಡಲೇ ಸ್ವಯಂಸೇವಕರಿಗೆ ಸಮಾಧಾನ. ಮುಂದಿನ ಪ್ರಶ್ನೆಗೆ ಹೋಗುತ್ತಾರೆ. ಆ ತಾಯಿಗೆ ನಾಯಿ ಕಂಡರೆ ಹೆದರಿಕೆಯೇ, ಮೊಣಕಾಲು ನೋವಿದೆಯೇ, 18 ಕಿಲೋ ನಾಯಿ ಬೆಕ್ಕು ಕಂಡು ಜಗ್ಗಿದರೆ ಹಿಡಿದು ನಿಲ್ಲಬಲ್ಲರೇ, ನಾಲ್ಕು ತಿಂಗಳಾದ ಮೇಲೆ ಅವರು ಊರಿಗೆ ಮರಳಿದರೆ ಹಗಲಿಗೆ ಯಾರು ದಿಕ್ಕು? ಇದನ್ನು ಯಾರೂ ಕೇಳಿರುವುದಿಲ್ಲ. ಮುಂದೆ ನಾಯಿ ವಾಪಸ್ ಬರುವಾಗ ಕಾರಣದ ಜಾಗದಲ್ಲಿ ‘ಮನೆಯಲ್ಲಿ ಒಪ್ಪುತ್ತಿಲ್ಲ’ ಎಂದಿರುತ್ತದೆ.

ಇಲ್ಲಿ ಕನ್ನಡ ಸಂಘ ಮಾಡಬಹುದಾದದ್ದನ್ನು ಬೇರೆ ಯಾವ ಪ್ರಾಣಿದಯಾ ಸಂಸ್ಥೆಯೂ ಮಾಡಲಾರದು. ಅರ್ಜಿಯನ್ನು ಕನ್ನಡದಲ್ಲಿ ಮುದ್ರಿಸಿ. ಸಂಘದ ಒಬ್ಬ ಸದಸ್ಯೆ ಹಗಲು ಹೊತ್ತಿನಲ್ಲಿ, ಮಗ ಆಫೀಸಿನಲ್ಲಿರುವಾಗ, ಆ ತಾಯಿಗೆ ಫೋನ್ ಮಾಡಿ ಕಾಲು ಗಂಟೆ ಮಾತಾಡಲಿ. ಮಗನ ಎದುರು ‘ಹೂಂ, ಇರಲಿ ಬಿಡಿ’ ಎನ್ನುವವರು ಫೋನಿನಲ್ಲಿ ಮನಸ್ಸು ಬಿಚ್ಚುತ್ತಾರೆ. ದೇವರ ಮನೆಗೆ, ಅಡುಗೆಮನೆಗೆ ನಾಯಿ ಬರಕೂಡದು ಎಂದರೆ ಅದು ಅರ್ಜಿ ತಳ್ಳಿಹಾಕುವ ಕಾರಣವೇನಲ್ಲ. ಎಳೆಮಕ್ಕಳಿಗಾಗಿ ಬಾಗಿಲಿಗೆ ಹಾಕುವ ಅಡ್ಡಗೇಟು ಅಂಗಡಿಯಲ್ಲಿ ಸಿಗುತ್ತದೆ. ಮೊದಲ ದಿನದಿಂದ ಮನೆಯವರೆಲ್ಲ ಒಂದೇ ನಿಯಮ ಹಿಡಿದರೆ ನಾಯಿ ಬೇಗನೆ ಕಲಿಯುತ್ತದೆ. ಕೆಡುವುದು ಅತ್ತೆ ‘ಹೊರಗೆ’ ಎಂದು, ಸೊಸೆ ರೊಟ್ಟಿ ಚೂರು ಕೊಟ್ಟು ಒಳಗೆ ಕರೆದಾಗ. ಹೆದರಿಕೆ ಇದ್ದರೂ ದಾರಿ ಇದೆ. ಐದಾರು ವರ್ಷದ, ಮೈಮೇಲೆ ಹಾರದ, ಮಲಗಿಕೊಂಡೇ ದಿನ ಕಳೆಯುವ ಹೆಣ್ಣುನಾಯಿಯನ್ನು ಮೊದಲು ಎರಡು-ಮೂರು ಸಲ ಭೇಟಿ ಮಾಡಿಸಿ. ‘ನನಗೆ ಬೇಡವೇ ಬೇಡ’ ಎಂದರೆ ಮಾತ್ರ ಅಲ್ಲಿಗೆ ನಿಲ್ಲಿಸಿ. ಮಗ ಎಷ್ಟೇ ಒಳ್ಳೆಯವನಾಗಿರಲಿ, ಆ ಮನೆಗೆ ನಾಯಿ ಹೋಗಬಾರದು.

ಅರ್ಜಿಯಲ್ಲಿ ಹೌದು-ಇಲ್ಲ ಪ್ರಶ್ನೆಗಳಿಂದ ಹೆಚ್ಚೇನೂ ತಿಳಿಯುವುದಿಲ್ಲ. ‘ನಾಯಿಗೆ ಸಮಯ ಕೊಡುತ್ತೀರಾ?’ ಎಂದರೆ ಇಲ್ಲ ಎನ್ನುವವರು ಯಾರು? ಬದಲಿಗೆ ಒಂದು ದಿನದ ವೇಳಾಪಟ್ಟಿ ಬರೆಸಿ. ಬೆಳಿಗ್ಗೆ 5ರಿಂದ ರಾತ್ರಿ 11ರವರೆಗೆ ಗಂಟೆಗೊಂದು ಸಾಲು. ಆ ಹೊತ್ತಿಗೆ ಮನೆಯಲ್ಲಿ ಯಾರು, ನಾಯಿ ಎಲ್ಲಿ, ಹೊರಗೆ ಕರೆದೊಯ್ಯುವವರು ಯಾರು. ವಾರದ ದಿನಕ್ಕೆ ಒಂದು, ಭಾನುವಾರಕ್ಕೆ ಒಂದು. ಬರೆಯುತ್ತ ಬರೆಯುತ್ತ ಅರ್ಧ ಜನಕ್ಕೆ ತಮಗೇ ಗೊತ್ತಾಗಿಬಿಡುತ್ತದೆ. ದೊಡ್ಡ ನಾಯಿಯನ್ನು ಅಭ್ಯಾಸ ಮಾಡಿಸಿದ ಮೇಲೆ ನಾಲ್ಕರಿಂದ ಆರು ಗಂಟೆ ಒಂಟಿಯಾಗಿ ಬಿಡಬಹುದು. ಮರಿ ಉಚ್ಚೆ ಹಿಡಿದುಕೊಳ್ಳುವ ಅವಧಿ ಅದರ ವಯಸ್ಸಿನ ತಿಂಗಳಿಗೆ ಒಂದು ಗಂಟೆ ಕೂಡಿಸಿದಷ್ಟು ಎಂಬುದು ರೂಢಿಯ ಲೆಕ್ಕ. ಎರಡು ತಿಂಗಳ ಮರಿಗೆ ಹೆಚ್ಚೆಂದರೆ ಮೂರು ಗಂಟೆ. ಬೆಳಿಗ್ಗೆ 9ರಿಂದ ಸಂಜೆ 6ರವರೆಗೆ ಸಾಲುಗಳು ಖಾಲಿ ಇದ್ದರೆ ಆ ಮನೆಗೆ ಮರಿ ಕೊಡುವಂತಿಲ್ಲ. ಮಧ್ಯಾಹ್ನ ಒಂದು ಗಂಟೆಗೆ ಬಂದು ಸುತ್ತಾಡಿಸುವವರು ಸಂಬಳಕ್ಕೆ ಸಿಕ್ಕರೆ ಬೆಳೆದ ನಾಯಿಯ ಬಗ್ಗೆ ಯೋಚಿಸಬಹುದು. ಈಗ ವಾರಕ್ಕೆ ಮೂರು ದಿನ ಮನೆಯಿಂದಲೇ ಕೆಲಸ ಎನ್ನುವವರಿಗೆ, ನಾಳೆ ಐದೂ ದಿನ ಬನ್ನಿ ಎಂದರೆ ಏನು ಮಾಡುತ್ತೀರಿ ಎಂದು ಕೇಳಲೇಬೇಕು.

ನಮ್ಮವರನ್ನು ತಪ್ಪದೆ ಕೇಳಬೇಕಾದ ಇನ್ನೊಂದು ಪ್ರಶ್ನೆ ಊರಿನದು. ದೀಪಾವಳಿ, ಜಾತ್ರೆ, ಮದುವೆ, ಬಾಣಂತನ. ವರ್ಷಕ್ಕೆ ನಾಲ್ಕು ಸಲವಾದರೂ ಊರು ಕರೆಯುತ್ತದೆ. ಆಗ ನಾಯಿ ಎಲ್ಲಿ? ರೈಲಿನಲ್ಲಿ ನಾಯಿಯನ್ನು ಜೊತೆಗಿಟ್ಟುಕೊಂಡು ಹೋಗಬೇಕೆಂದರೆ ಏಸಿ ಫಸ್ಟ್ ಕ್ಲಾಸಿನ ಕೂಪೆಯನ್ನೋ ಕ್ಯಾಬಿನ್ನನ್ನೋ ಪೂರ್ತಿ ನಿಮ್ಮ ಹೆಸರಿಗೆ ಮಾಡಿಕೊಳ್ಳಬೇಕು. ಇಲ್ಲದಿದ್ದರೆ ಗಾರ್ಡ್ ಇರುವ ಬೋಗಿಯ, ಅಂದರೆ ಬ್ರೇಕ್‌ವ್ಯಾನಿನ, ಪೆಟ್ಟಿಗೆ. ಟೂ ಟಯರ್, ತ್ರೀ ಟಯರ್, ಸ್ಲೀಪರ್‌ಗಳಲ್ಲಿ ಅವಕಾಶವಿಲ್ಲ. ಕಾರಿನಲ್ಲಿ ಬೆಳಗಾವಿ ಸುಮಾರು 340 ಕಿಲೋಮೀಟರ್. ಕಾರು ಹತ್ತಿ ಅಭ್ಯಾಸವಿಲ್ಲದ ನಾಯಿ ಘಾಟಿನ ತಿರುವುಗಳಲ್ಲೇ ಜೊಲ್ಲು ಸುರಿಸಿ ವಾಂತಿ ಮಾಡುತ್ತದೆ. ಹೊರಡುವ ನಾಲ್ಕು ಗಂಟೆ ಮುಂಚೆ ಊಟ ನಿಲ್ಲಿಸಬೇಕು. ಅದಕ್ಕೂ ಮೊದಲು ಹತ್ತು ನಿಮಿಷ, ಅರ್ಧ ಗಂಟೆ, ಒಂದು ಗಂಟೆ ಎಂದು ಸಣ್ಣ ಸವಾರಿಗಳಲ್ಲಿ ರೂಢಿ ಮಾಡಿಸಬೇಕು. ನಾಯಿ ಬಿಟ್ಟುಹೋಗುವ ಬೋರ್ಡಿಂಗ್‌ಗಳು ದೀಪಾವಳಿಗೆ ವಾರಗಳ ಮೊದಲೇ ಭರ್ತಿ. ‘ಪಕ್ಕದ ಮನೆಯವರು ನೋಡಿಕೊಳ್ಳುತ್ತಾರೆ’ ಎಂದು ಬರೆದಿದ್ದರೆ ಆ ಪಕ್ಕದ ಮನೆಯವರಿಗೂ ಒಂದು ಫೋನ್ ಹಾಕಿ.

ಬಾಡಿಗೆ ಮನೆಯವರ ವಿಷಯ. ಇಲ್ಲಿನ ಲೀವ್ ಅಂಡ್ ಲೈಸೆನ್ಸ್ ಕರಾರು ಸಾಮಾನ್ಯವಾಗಿ 11 ತಿಂಗಳದು. ಸಾಕುನಾಯಿಯನ್ನು ನಿಷೇಧಿಸಲು ಹೌಸಿಂಗ್ ಸೊಸೈಟಿಗೆ ಅಧಿಕಾರವಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರ ಮಾರ್ಗಸೂಚಿಯಲ್ಲಿ ಹೇಳಿದೆ. ಸಾಮಾನ್ಯ ಸಭೆಯ ಬಹುಮತದಿಂದಲೂ ಹಾಗೆ ಮಾಡುವಂತಿಲ್ಲ. ಆ ಕಾಗದ ಹಿಡಿದು ಸೊಸೈಟಿಯ ಕಾರ್ಯದರ್ಶಿಯ ಮುಂದೆ ನಿಲ್ಲಬಹುದು, ಮನೆ ಮಾಲೀಕರ ಮುಂದೆ ಅಲ್ಲ. ಕರಾರಿನಲ್ಲಿ ‘ಪ್ರಾಣಿ ಸಾಕುವಂತಿಲ್ಲ’ ಎಂದು ಸಹಿ ಮಾಡಿಕೊಟ್ಟಿದ್ದರೆ ಅದು ಬೇರೆ ಮಾತು. ಮಾಲೀಕರ ಒಪ್ಪಿಗೆ ಬರಹದಲ್ಲಿರಲಿ, ವಾಟ್ಸ್ಆ್ಯಪ್ ಸಂದೇಶವಾದರೂ ಸರಿ. ನಾಲ್ವರು ಹುಡುಗರು ಸೇರಿ ಇರುವ ಫ್ಲಾಟಿಗೆ ಕೊಡುವುದಾದರೆ ನಾಯಿ ಒಬ್ಬನ ಹೆಸರಿನಲ್ಲೇ ಇರಬೇಕು. ‘ನಮ್ಮೆಲ್ಲರ ನಾಯಿ’ ಕರಾರು ಮುಗಿದ ದಿನ ಯಾರ ನಾಯಿಯೂ ಆಗಿರುವುದಿಲ್ಲ.

ಊಟದ ಪ್ರಶ್ನೆಗೆ ಸಂಕೋಚ ಬೇಡ. ಸಸ್ಯಾಹಾರಿ ಮನೆಗೆ ನಾಯಿ ಕೊಡಲೇಬಾರದು ಎನ್ನುವ ಸ್ವಯಂಸೇವಕರಿದ್ದಾರೆ. ನಾವು ಅದನ್ನು ಒಪ್ಪುವುದಿಲ್ಲ. ಆದರೆ ಹಾಲು-ಅನ್ನ ಊಟವಾಗುವುದಿಲ್ಲ. ಪ್ರೋಟೀನ್ ಸಾಲದು, ಬಹಳ ನಾಯಿಗಳಿಗೆ ಹಾಲು ಭೇದಿ ಮಾಡಿಸುತ್ತದೆ. 16 ಕಿಲೋ ತೂಕದ ನಾಯಿಗೆ ದಿನಕ್ಕೆ ಹೆಚ್ಚುಕಡಿಮೆ 900 ಕ್ಯಾಲೊರಿ ಬೇಕು. ಅಂಗಡಿಯ ಒಣ ಆಹಾರವಾದರೆ ಸುಮಾರು 250 ಗ್ರಾಂ, ಅಂದರೆ ತಿಂಗಳಿಗೆ ಏಳೂವರೆ ಕಿಲೋ. ಸಮತೋಲನದ ಸಸ್ಯಾಹಾರಿ ಒಣ ಆಹಾರವೂ ಮಾರಾಟಕ್ಕಿದೆ. ಮೊಟ್ಟೆ ನಡೆಯುವ ಮನೆಯಾದರೆ ಇನ್ನೂ ಸಲೀಸು. ಉಳಿದ ಹುಳಿಯನ್ನ ಮಾತ್ರ ಹಾಕಕೂಡದು. ಅದರಲ್ಲಿನ ಈರುಳ್ಳಿ-ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟು ಕೂಡ ವಿಷ; ಪಾಯಸದ ಪಾತ್ರೆ ನೆಕ್ಕಲು ಬಿಡುವವರಿಗೆ ಇದನ್ನು ಒತ್ತಿ ಹೇಳಬೇಕು.

ಇನ್ನು ನಾಯಿಯ ಕಡೆ. ಶಿಬಿರದಲ್ಲಿ ನಾಯಿಯ ಕೊರಳ ಚೀಟಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವ ಮಾತು ‘ಶಾಂತ ಸ್ವಭಾವ’. ವಾಪಸ್ ಬರುವ ನಾಯಿಗಳಲ್ಲಿ ಈ ಚೀಟಿಯವೇ ಬಹಳ. ಮೈಕು, ಬಿಸಿಲು, ಗದ್ದಲ, ಗುರುತಿಲ್ಲದ ಹತ್ತು ನಾಯಿಗಳ ವಾಸನೆ. ಇಷ್ಟರ ನಡುವೆ ಒಂದು ನಾಯಿ ಅಲುಗದೆ ಕುಳಿತಿದೆ, ಮಕ್ಕಳು ತಲೆ ಸವರಿದರೂ ಸುಮ್ಮನಿದೆ ಎಂದರೆ ಅದು ಹೆದರಿ ಸೆಟೆದುಕೊಂಡಿರುವ ಸಂಭವವೇ ಹೆಚ್ಚು. ಪಕ್ಕಕ್ಕೆ ಕೂತು ನೋಡಿ. ಈ ಸೆಕೆಯಲ್ಲೂ ಬಾಯಿ ಬಿಗಿದು ಮುಚ್ಚಿದೆಯೇ? ತಲೆ ತಿರುಗಿಸದೆ ಕಣ್ಣು ಮಾತ್ರ ಹೊರಳಿಸಿ, ಅಂಚಿನಲ್ಲಿ ಬಿಳಿಭಾಗ ಬಾಲಚಂದ್ರನ ಹಾಗೆ ಕಾಣುತ್ತಿದೆಯೇ? ತಿನ್ನಲು ಏನೂ ಇಲ್ಲದಾಗ ಮೂಗು ನೆಕ್ಕಿಕೊಳ್ಳುತ್ತಿದೆಯೇ, ನಿದ್ದೆ ಬಂದಿಲ್ಲದಿದ್ದರೂ ಆಕಳಿಸುತ್ತಿದೆಯೇ? ಕೈ ಚಾಚಿದಾಗ ಪಾದಗಳು ಇದ್ದಲ್ಲೇ ಇದ್ದು ಮೈಭಾರ ಮಾತ್ರ ಹಿಂಗಾಲಿಗೆ ಜಾರುತ್ತದೆಯೇ? ಬೇಯಿಸಿದ ಕೋಳಿಯ ಒಂದು ಚೂರನ್ನು ಎರಡಡಿ ದೂರದಲ್ಲಿ ನೆಲದ ಮೇಲಿಟ್ಟು ಬೇರೆ ಕಡೆ ನೋಡಿ. ನೆಮ್ಮದಿಯಾಗಿರುವ ನಾಯಿ ಎದ್ದು ಬಂದು ಮೂಸಿ ತಿನ್ನುತ್ತದೆ, ಇನ್ನೊಂದಕ್ಕೆ ಮುಖ ನೋಡುತ್ತದೆ. ಹೆದರಿದ ನಾಯಿ ಮುಟ್ಟುವುದಿಲ್ಲ, ಇಲ್ಲವೇ ಕತ್ತು ಉದ್ದ ಮಾಡಿ ಕಸಿದು ನುಂಗಿ ಮತ್ತೆ ಮೂಲೆಗೆ ಸರಿಯುತ್ತದೆ.

ಆ ನಾಯಿ ಮನೆಗೆ ಹೋಗಿ ಎರಡು-ಮೂರು ವಾರಕ್ಕೆ ಸ್ವಲ್ಪ ಧೈರ್ಯ ಬಂದಾಗ ಗುರ್ ಎನ್ನುತ್ತದೆ, ಬಾಗಿಲ ಗಂಟೆಗೆ ಬೊಗಳುತ್ತದೆ, ಮಗು ಮೇಲೆ ಬಿದ್ದರೆ ಹಲ್ಲು ತೋರಿಸುತ್ತದೆ. ‘ಮೊದಲು ಹೀಗಿರಲಿಲ್ಲ’ ಎಂದು ಫೋನ್ ಬರುತ್ತದೆ. ಮೊದಲೂ ಹೀಗೆಯೇ ಇತ್ತು. ತೋರಿಸುವ ಧೈರ್ಯ ಇರಲಿಲ್ಲ, ಅಷ್ಟೆ. ಹೆದರುವ ನಾಯಿಗೂ ಮನೆ ಸಿಗಬೇಕು. ಆದರೆ ಅದು ಮಕ್ಕಳಿಲ್ಲದ, ಬಂದುಹೋಗುವವರು ಕಡಿಮೆಯಿರುವ, ತಿಂಗಳುಗಟ್ಟಲೆ ಕಾಯಬಲ್ಲವರ ಮನೆಯಾಗಿರಬೇಕು. ಚೀಟಿಯಲ್ಲಿ ‘ಶಾಂತ’ ಎಂದು ಬರೆದರೆ ಅದು ಹೋಗುವುದು ಸರಿಯಾಗಿ ಉಲ್ಟಾ ಮನೆಗೆ.

ಆದ್ದರಿಂದ ನಾಯಿಯ ವಿವರ ಬರೆಯುವ ಜಾಗ ಶಿಬಿರವಲ್ಲ, ಆಶ್ರಯತಾಣ. ಕನಿಷ್ಠ ಮೂರು ಬೇರೆ ಬೇರೆ ದಿನ ನೋಡಿ: ಊಟದ ಹೊತ್ತಿನಲ್ಲಿ ಒಮ್ಮೆ, ಮಧ್ಯಾಹ್ನದ ನಿಶ್ಶಬ್ದದಲ್ಲಿ ಒಮ್ಮೆ, ಗೇಟಿನ ಹೊರಗೆ ಹಗ್ಗ ಹಿಡಿದು ಒಮ್ಮೆ. ಟ್ರಸ್ಟಿಗಳಿಗಿಂತ ಬೋನು ತೊಳೆಯುವ ಹುಡುಗನನ್ನು ಕೇಳಿದರೆ ಹೆಚ್ಚು ತಿಳಿಯುತ್ತದೆ. ಯಾವ ನಾಯಿ ಪೊರಕೆ ಕಂಡು ನಡುಗುತ್ತದೆ, ಯಾವುದು ಪಕ್ಕದ ಬೋನಿನ ನಾಯಿಯ ಮೇಲೆ ಜಾಲರಿಯಾಚೆಯಿಂದ ಏರಿಹೋಗುತ್ತದೆ ಎಂದು ಅವನು ನಿಂತಲ್ಲೇ ಹೇಳುತ್ತಾನೆ. ಹೆಲ್ಮೆಟ್ ಹಾಕಿದ ಗಂಡಸರು, ಕೊಡೆ, ಕೋಲು ಕಂಡರೆ ಹೇಗೆ. ಕಿವಿ, ಪಾದ ಮುಟ್ಟಿಸಿಕೊಳ್ಳುತ್ತದೆಯೇ. ಹತ್ತು ನಿಮಿಷ ಒಂಟಿ ಬಿಟ್ಟರೆ ಏನು ಮಾಡುತ್ತದೆ. ಬೆಕ್ಕಿನ ಎದುರು ಹೇಗೆ. ತಿನ್ನುವ ತಟ್ಟೆಗೆ ಕೈ ಹಾಕಿ ಪರೀಕ್ಷಿಸುವ ಒಂದು ದಡ್ಡ ರೂಢಿಯಿದೆ, ಅದು ಬೇಡ. ತಿನ್ನುವಾಗ ದೂರದಿಂದ ನಡೆದು ಬಂದು, ಇನ್ನೂ ರುಚಿಯಾದದ್ದನ್ನು ಪಕ್ಕಕ್ಕೆ ಎಸೆದು ಹೋದರೆ, ಮೈ ಬಿಗಿಯುತ್ತದೋ ಇಲ್ಲವೋ ಅಲ್ಲೇ ಕಾಣುತ್ತದೆ. ಕಚ್ಚಿದ ಇತಿಹಾಸವಿದ್ದರೆ ಯಾರನ್ನು, ಯಾವಾಗ, ಯಾಕೆ ಎಂದು ಮುಚ್ಚಿಡದೆ ಬರೆಯಿರಿ.

ಮರಿಗಳ ಬಗ್ಗೆ ನಮ್ಮ ಅಭಿಪ್ರಾಯ ಹಲವರಿಗೆ ಹಿಡಿಸುವುದಿಲ್ಲ. ಮೊದಲ ಸಲ ನಾಯಿ ಸಾಕುವ, ಹಗಲಿಗೆ ವಯಸ್ಸಾದವರೇ ಇರುವ ಮನೆಗೆ ಮರಿ ಸರಿಯಾದ ಜೋಡಿಯಲ್ಲ. ಎರಡರಿಂದ ಐದು ವರ್ಷದ ನಾಯಿಯ ಎತ್ತರ, ತೂಕ, ಸ್ವಭಾವ ಕಣ್ಣೆದುರಿಗೇ ಇರುತ್ತದೆ. ಮರಿ ಮುಂದೆ ಹೇಗಾಗುತ್ತದೆ ಎಂಬುದನ್ನು ಮರಿಯ ಆಟ ನೋಡಿ ಹೇಳುವುದು ನಂಬುವಂಥದ್ದಲ್ಲ. ‘ಇದು ಚಿಕ್ಕದಾಗಿಯೇ ಇರುತ್ತದಾ?’ ಎಂದು ಕೇಳುವವರಿಗೆ ನೇರವಾಗಿ ಹೇಳಿ: ಬೀದಿಯ ತಾಯಿಯ ಮರಿ ಸಾಮಾನ್ಯವಾಗಿ 15ರಿಂದ 20 ಕಿಲೋ ತೂಗುತ್ತದೆ. ನಾಲ್ಕನೆಯ ತಿಂಗಳಿಗೆ ಹಾಲುಹಲ್ಲು ಬೀಳತೊಡಗಿ, ಏಳನೆಯ ತಿಂಗಳಿನವರೆಗೂ ಸಿಕ್ಕಿದ್ದನ್ನೆಲ್ಲ ಕಡಿಯುತ್ತದೆ. ಮರಿಗಳು ವಾಪಸ್ ಬರುವುದೂ ಈ ಅವಧಿಯಲ್ಲೇ, ಮುದ್ದು ಹೋಗಿ ಹಲ್ಲು ಬಂದಾಗ.

ಎಂಟು ವಾರ ತುಂಬದ ಮರಿಯನ್ನು ತಾಯಿಯಿಂದ ಬಿಡಿಸಿ ಕೊಡಬಾರದು. ಬುಟ್ಟಿಗೆ ‘ಎರಡು ತಿಂಗಳು’ ಎಂದು ಚೀಟಿ ಹಚ್ಚಿದ್ದರೂ ಬಾಯಿ ತೆರೆದು ನೋಡಿ. ಹಿಂದಿನ ಹಾಲುದವಡೆಗಳು ಇನ್ನೂ ಒಸಡಿನೊಳಗಿದ್ದರೆ ಅದಕ್ಕೆ ಎಂಟು ವಾರ ಆಗಿರಲಿಕ್ಕಿಲ್ಲ. ಆರರಿಂದ ಎಂಟನೆಯ ವಾರಕ್ಕೆ ಪಾರ್ವೊ, ಡಿಸ್ಟೆಂಪರ್ ಎಂಬ ಮಾರಕ ವೈರಾಣು ರೋಗಗಳೂ ಸೇರಿದ ಮೊದಲ ಲಸಿಕೆ, ಆಮೇಲೆ ಮೂರು-ನಾಲ್ಕು ವಾರಕ್ಕೊಂದರಂತೆ ಹದಿನಾರನೆಯ ವಾರದವರೆಗೆ. ಮೂರು ತಿಂಗಳಿಗೆ ರೇಬಿಸ್ ಲಸಿಕೆ. ಮೊದಲ ಒಂದು ಚುಚ್ಚುಮದ್ದಾದ ಮರಿಯನ್ನು ‘ಲಸಿಕೆ ಆಗಿದೆ’ ಎಂದು ಹೇಳಿ ಕಳಿಸುವುದು ಸುಳ್ಳಿಗೆ ಸಮ. ಪಾರ್ವೊ ಸೋಂಕು ತಗುಲಿ ವಾಂತಿ-ಭೇದಿ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಮೂರರಿಂದ ಏಳು ದಿನ. ಶಿಬಿರದ ಒಂದೇ ಬುಟ್ಟಿಯಲ್ಲಿ ಐದು ತಾಯಂದಿರ ಮರಿಗಳನ್ನು ಕೂರಿಸಿದರೆ ಭಾನುವಾರ ಕೊಟ್ಟ ಮರಿ ಶುಕ್ರವಾರಕ್ಕೆ ಮಲಗುತ್ತದೆ, ಬುಟ್ಟಿಯಲ್ಲಿದ್ದ ಉಳಿದವೂ ಆಗಲೇ ಬೇರೆ ಬೇರೆ ಮನೆ ಸೇರಿರುತ್ತವೆ. ಅರ್ಜಿಯಲ್ಲಿ ಒಂದು ಪ್ರಶ್ನೆ ಕಡ್ಡಾಯವಾಗಿರಲಿ: ಕಳೆದ ಒಂದು ವರ್ಷದಲ್ಲಿ ಈ ಮನೆಯಲ್ಲಿ ಯಾವುದಾದರೂ ಮರಿ ಸತ್ತಿದೆಯೇ? ಪಾರ್ವೊ ವೈರಾಣು ನೆಲದಲ್ಲಿ, ಹಾಸಿಗೆಯಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಒಂದು ಪಾಲು ಬ್ಲೀಚಿಗೆ ಮೂವತ್ತು ಪಾಲು ನೀರು ಬೆರೆಸಿ, ಹತ್ತು ನಿಮಿಷ ನೆಲದ ಮೇಲೆ ನಿಲ್ಲಿಸಿ ಒರೆಸಬೇಕು. ಫಿನೈಲ್‌ನಿಂದ ಅದು ಸಾಯುವುದಿಲ್ಲ. ಅಂಥ ಮನೆಗೆ ಲಸಿಕೆ ಪೂರ್ಣವಾದ ದೊಡ್ಡ ನಾಯಿಯನ್ನೇ ಕೊಡಿ.

ಮರಿ ಪರಚಿದರೆ, ಹಲ್ಲು ತಾಗಿ ರಕ್ತ ಬಂದರೆ ‘ಮರಿ ತಾನೆ’ ಎಂದು ಬಿಡುವಂತಿಲ್ಲ. ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಬೇಕು. ಈ ಎರಡು ವಾಕ್ಯ ಕನ್ನಡದಲ್ಲಿ, ಕೊಡುವ ಪ್ರತಿ ಫೈಲಿನ ಮೇಲೆ ಇರಲಿ.

ದೊಡ್ಡ ನಾಯಿಗಳಲ್ಲಿ ಮೋಸ ಮಾಡುವ ಕಾಯಿಲೆ, ರಕ್ತ ಹೀರುವ ಉಣ್ಣೆಹುಳದಿಂದ ಬರುವ ಜ್ವರ. ಈ ಜ್ವರ ತರುವ ಎರ್ಲಿಕಿಯಾ ಸೋಂಕು ತಗುಲಿ ಒಂದರಿಂದ ಮೂರು ವಾರ ಏನೂ ತೋರುವುದಿಲ್ಲ. ಆಮೇಲೆ ಜ್ವರ, ಊಟ ಬಿಡುವುದು, ಕೆಲವೊಮ್ಮೆ ಮೂಗಿನಲ್ಲಿ ರಕ್ತ. ಹೊಸ ಮನೆಯವರು ‘ರೋಗದ ನಾಯಿ ಕೊಟ್ಟರು’ ಎನ್ನುತ್ತಾರೆ. ಕೊಡುವ ಮುಂಚೆ ಒಂದು ರಕ್ತಪರೀಕ್ಷೆ ಮಾಡಿಸಿ, ಪ್ಲೇಟ್‌ಲೆಟ್ ಎಣಿಕೆ ನೋಡಿ, ವರದಿಯನ್ನು ಅವರ ಕೈಗೇ ಕೊಟ್ಟು, ಮೂರು ವಾರದೊಳಗೆ ಜ್ವರ ಬಂದರೆ ಮತ್ತೆ ಪರೀಕ್ಷೆ ಬೇಕೆಂದು ಮೊದಲೇ ಹೇಳಿಬಿಡಿ. ಸಂತಾನಹರಣ ಶಸ್ತ್ರಚಿಕಿತ್ಸೆಯಾಗಿ ಹದಿನಾಲ್ಕು ದಿನ ಕಳೆಯದ ನಾಯಿಯನ್ನು ಕಳಿಸಬೇಡಿ. ಹೊಲಿಗೆ ನೆಕ್ಕಿ ಬಿಚ್ಚಿಕೊಳ್ಳುವುದು ಹೊಸ ಮನೆಯ ಗಾಬರಿಯಲ್ಲೇ.

ಎಲ್ಲ ಬೀದಿನಾಯಿಗೂ ಮನೆ ಬೇಕಾಗಿಲ್ಲ ಎಂಬುದನ್ನೂ ಹೇಳಬೇಕು. ಕಿವಿಗೆ ಕಚ್ಚು ಹಾಕಿದ, ಅಂದರೆ ಶಸ್ತ್ರಚಿಕಿತ್ಸೆಯಾದ, ಆರು ವರ್ಷದಿಂದ ಒಂದೇ ಗಲ್ಲಿಯಲ್ಲಿ ಊಟ ಹಾಕುವವರ ನಂಬಿಕೆಯಲ್ಲಿ ಬದುಕಿರುವ ನಾಯಿಯನ್ನು ಹಿಡಿದು ಹನ್ನೊಂದನೆಯ ಮಹಡಿಗೆ ಹತ್ತಿಸಿದರೆ ಅದಕ್ಕೆ ಒಳ್ಳೆಯದು ಮಾಡಿದಂತಾಗುವುದಿಲ್ಲ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳೂ ಅಂಥ ನಾಯಿಯನ್ನು ಹಿಡಿದ ಜಾಗದಲ್ಲೇ ಮರಳಿ ಬಿಡಬೇಕೆನ್ನುತ್ತವೆ. ದತ್ತುವಿನ ಪಟ್ಟಿಗೆ ಸೇರಬೇಕಾದವು ಬೇರೆ: ಸಾಕಿ ಬಿಟ್ಟುಹೋದವು, ಗಾಯವಾಗಿ ಬೀದಿಗೆ ಮರಳಲಾಗದವು, ತಾಯಿ ಸತ್ತ ಮರಿಗಳು, ಬ್ರೀಡರ್‌ಗಳು ಮುಗಿಯಿತೆಂದು ಹೊರಹಾಕಿದ ಜಾತಿನಾಯಿಗಳು. ಇವುಗಳಲ್ಲಿ ಹಿಮನಾಡಿನ ದಟ್ಟ ತುಪ್ಪಳದ ಹಸ್ಕಿಯನ್ನು ಕಂಡು ಸಾಲು ಹಚ್ಚುವವರಿಗೆ ಪುಣೆಯ ಏಪ್ರಿಲ್-ಮೇ ತಿಂಗಳನ್ನೂ ವಿದ್ಯುತ್ ಬಿಲ್ಲನ್ನೂ ನೆನಪಿಸಿ.

ಹಾಗಾದರೆ ಶಿಬಿರದ ದಿನ ಕೊಡದೆ ಮಾಡುವುದೇನು? ಅಂದು ವೇಳಾಪಟ್ಟಿ ಬರೆಸಿ, ಮಾತಾಡಿಸಿ, ನಾಯಿಯ ವಿಡಿಯೋ ತೋರಿಸಿ. ವಾರದೊಳಗೆ ಮನೆ ನೋಡಿ ಬನ್ನಿ. ಮನೆಭೇಟಿಯಲ್ಲಿ ಸೋಫಾ ಎಷ್ಟು ಚೆನ್ನಾಗಿದೆ ಎಂದು ನೋಡುವುದಲ್ಲ. ಬಾಲ್ಕನಿಯ ಸರಳುಗಳ ನಡುವೆ ನಿಮ್ಮ ಮುಷ್ಟಿ ಹೋದರೆ ಮರಿಯ ತಲೆ ಹೋಗುತ್ತದೆ, ಜಾಲರಿ ಕಟ್ಟಿಸಬೇಕು. ಮುಂಬಾಗಿಲು ತೆರೆದರೆ ನೇರ ಮೆಟ್ಟಿಲೇ? ಕೆಲಸದಾಕೆ ಬಾಗಿಲು ತೆರೆದಿಟ್ಟು ಕಸ ಹೊರಗಿಡುವ ಅಭ್ಯಾಸವಿದೆಯೇ? ಆಕೆಗೂ ನಾಯಿಯ ಭಯವಿದೆಯೇ ಎಂದು ಕೇಳಿ, ಆಕೆ ಕೆಲಸ ಬಿಟ್ಟರೆ ವಾರದೊಳಗೆ ನಾಯಿಯೂ ಹೊರಬೀಳುತ್ತದೆ. ಮನೆಯಲ್ಲಿ ಇನ್ನೊಂದು ನಾಯಿಯಿದ್ದರೆ ಎರಡನ್ನೂ ಮನೆಯೊಳಗೆ ಮೊದಲ ಸಲ ಎದುರುಬದುರು ನಿಲ್ಲಿಸಬೇಡಿ. ಎರಡಕ್ಕೂ ಹೊಸದಾದ ರಸ್ತೆಯಲ್ಲಿ, ಇಬ್ಬರು ಹಿಡಿದುಕೊಂಡು, ಎಂಟು-ಹತ್ತು ಮೀಟರ್ ಅಂತರದಲ್ಲಿ ಒಂದೇ ದಿಕ್ಕಿಗೆ ಇಪ್ಪತ್ತು ನಿಮಿಷ ನಡೆಸಿ, ಹಗ್ಗ ಸಡಿಲವಿರಲಿ. ಅಂತರ ತಾನಾಗಿ ಕಡಿಮೆಯಾದ ಮೇಲೆ ಒಟ್ಟಿಗೆ ಒಳಗೆ ಹೋಗಲಿ, ಊಟ ಮಾತ್ರ ಬೇರೆ ಬೇರೆ ಕೋಣೆಯಲ್ಲಿ.

ಆಮೇಲೆ ಎರಡು ವಾರ ಪ್ರಾಯೋಗಿಕವಾಗಿ ಕೊಡಿ. ಈ ಅವಧಿಯಲ್ಲಿ ನಾಯಿ ಸಂಸ್ಥೆಯದೇ, ವೈದ್ಯರ ಖರ್ಚೂ ಸಂಸ್ಥೆಯದೇ ಎಂದು ಬರೆದುಕೊಡಿ. ಬಹುಪಾಲು ಸೋಂಕು, ಮೊದಲ ಹೆದರಿಕೆ, ಮನೆಯವರ ಮೊದಲ ಉತ್ಸಾಹ, ಮೂರೂ ಇಷ್ಟರಲ್ಲಿ ಬಯಲಾಗುತ್ತವೆ. ಹೊಂದದಿದ್ದರೆ ನಾಯಿ ಆಶ್ರಯತಾಣಕ್ಕೆ ಮರಳಬೇಕು, ಬೀದಿಗೆ ಅಲ್ಲ. 2025ರ ಆಗಸ್ಟ್ 22ರ ಆದೇಶದಲ್ಲಿ ಸುಪ್ರೀಂ ಕೋರ್ಟ್, ಬೀದಿನಾಯಿ ದತ್ತು ಬಯಸುವವರು ಪಾಲಿಕೆಗೆ ಅರ್ಜಿ ಹಾಕಬಹುದು, ದತ್ತು ಪಡೆದ ನಾಯಿ ಮತ್ತೆ ಬೀದಿಗೆ ಬರದಂತೆ ನೋಡಿಕೊಳ್ಳುವುದು ಅವರ ಹೊಣೆ ಎಂದಿದೆ. ಕೊನೆಯ ಕರಾರಿನಲ್ಲಿ ಎಷ್ಟು ವರ್ಷವಾದರೂ, ಯಾವ ಕಾರಣಕ್ಕಾದರೂ, ಬೈಯದೆ ವಾಪಸ್ ತೆಗೆದುಕೊಳ್ಳುತ್ತೇವೆ ಎಂಬ ವಾಕ್ಯ ಇರಲೇಬೇಕು. ‘ತಂದುಕೊಟ್ಟರೆ ಪಾಪ’ ಎಂದು ಹೆದರಿಸಿದವರೇ ರಾತ್ರಿ ಹೆದ್ದಾರಿ ಬದಿಯಲ್ಲಿ ಬಿಟ್ಟುಬರುವುದು. ಕಾನೂನಿನ ಭಯ ಅವರನ್ನು ತಡೆಯುವುದಿಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೆಯ ಸೆಕ್ಷನ್ ಪ್ರಕಾರ ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ. ಪಾಲಿಕೆಯ ನಾಯಿ ಪರವಾನಗಿಯನ್ನು ಕರಾರಿಗೆ ಸಹಿ ಬಿದ್ದ ದಿನವೇ ಮಾಡಿಸಿಕೊಡಿ. ಆಮೇಲೆ ಎಂದರೆ ಆಗುವುದಿಲ್ಲ.

ನಾಯಿ ತಪ್ಪಿಸಿಕೊಳ್ಳುವುದು ಹೆಚ್ಚಾಗಿ ಮೊದಲ ಮೂರು ದಿನಗಳಲ್ಲಿ, ಅದರಲ್ಲೂ ಕಾರಿನ ಬಾಗಿಲು ತೆರೆಯುವ ಕ್ಷಣದಲ್ಲಿ. ನಮ್ಮ ಬೀದಿನಾಯಿಗಳ ತಲೆ ಕುತ್ತಿಗೆಗಿಂತ ಬಹಳ ಅಗಲವಿಲ್ಲ. ಹಿಂದಕ್ಕೆ ಜಗ್ಗಿದರೆ ಸಾದಾ ಕಾಲರ್ ಕಿವಿ ದಾಟಿ ಹೊರಬರುತ್ತದೆ. ಎಳೆದಾಗ ಬಿಗಿಯಾಗುವ ಮಾರ್ಟಿಂಗೇಲ್ ಕಾಲರಿಗೆ ಒಂದು ಹಗ್ಗ, ಹಾರ್ನೆಸ್ಸಿಗೆ ಇನ್ನೊಂದು, ಎರಡೂ ದೊಡ್ಡವರ ಕೈಯಲ್ಲಿ. ಕಾಲರಿನೊಳಗೆ ಎರಡು ಬೆರಳು ಹೋಗುವಷ್ಟು ಸಡಿಲ ಸಾಕು. ಫೋನ್ ಸಂಖ್ಯೆಯ ಬಿಲ್ಲೆಯನ್ನು ಆಶ್ರಯತಾಣದಲ್ಲೇ ಹಾಕಿ ಕಳಿಸಿ. ಕಾರಿನ ಬಾಗಿಲು ತೆರೆಯುವ ಮುಂಚೆ ಸೊಸೈಟಿಯ ಗೇಟು ಮುಚ್ಚಿಸಿ. ಲಿಫ್ಟು ಕಂಡಿರದ ನಾಯಿ ಅದರ ಬಾಗಿಲಲ್ಲಿ ಹೂತುಕೊಂಡಂತೆ ನಿಂತರೆ ಎಳೆಯಬೇಡಿ. ಕೆಳಮಹಡಿಗಳಾದರೆ ಮೆಟ್ಟಿಲು, ಇಲ್ಲವೇ ಎತ್ತಿಕೊಂಡು ಹೋಗಿ. ಫಳಫಳ ಟೈಲ್ಸ್ ನೆಲ ಮತ್ತೊಂದು ತೊಡಕು. ಕಾಲು ಜಾರಿದ ನಾಯಿ ಗೋಡೆಗೆ ಅಂಟಿ ನಿಲ್ಲುತ್ತದೆ, ನೀರಿನ ಬಟ್ಟಲಿಗೂ ಹೋಗುವುದಿಲ್ಲ. ಮಲಗುವ ಜಾಗದಿಂದ ನೀರಿಗೂ ಬಾಗಿಲಿಗೂ ಯೋಗ ಮ್ಯಾಟೋ ಹಳೆಯ ಜಮಖಾನವೋ ಹಾಸಿ ದಾರಿ ಮಾಡಿಕೊಟ್ಟರೆ ಆಯಿತು. ಮೊದಲ ದಿನ ಅದು ಉಚ್ಚೆ ಮಾಡದೆ ಬಹಳ ಹೊತ್ತು ಇರಬಹುದು, ಊಟ ಬಿಡಬಹುದು. ಇಡೀ ಒಂದು ದಿನ ದಾಟಿದರೆ ಫೋನ್ ಮಾಡಲಿ. ವಾರವಿಡೀ ಹಳೆಯ ಊಟವನ್ನೇ ಕೊಟ್ಟು, ಆಮೇಲೆ ಹೊಸದನ್ನು ಕಾಲುಭಾಗ, ಅರ್ಧ, ಮುಕ್ಕಾಲು ಎಂದು ಬೆರೆಸಬೇಕು. ಸ್ನಾನ ಬೇಡ, ನೆಂಟರು ಬೇಡ, ಮಕ್ಕಳ ಗೆಳೆಯರ ದಂಡು ಬೇಡವೇ ಬೇಡ.

ಕೊಡುವ ತಾರೀಖೂ ಮುಖ್ಯ. ಗಣೇಶೋತ್ಸವದ ಢೋಲ್-ತಾಶಾ ದಿನಗಳಲ್ಲಿ, ದೀಪಾವಳಿಗೆ ಮುಂಚಿನ ಎರಡು ವಾರ ಮತ್ತು ನಂತರದ ಒಂದು ವಾರ ಯಾವ ನಾಯಿಯೂ ಹೊಸ ಮನೆಗೆ ಹೋಗಬಾರದು. ಬೇಸಿಗೆ ರಜೆಯಲ್ಲಿ ಮಕ್ಕಳಿಗೆ ಜೊತೆಯಾಗಲಿ ಎಂದು ಕೇಳುವವರಿಗೆ ವೇಳಾಪಟ್ಟಿಯನ್ನು ಜೂನ್ ತಿಂಗಳಿನದೇ ಬರೆಸಿ, ಶಾಲೆ ಶುರುವಾದ ಮೇಲಿನ ದಿನದ್ದು.

ಕೊಟ್ಟ ಮೇಲೆ ಎರಡನೆಯ ದಿನ, ಏಳನೆಯ ದಿನ, ಹದಿನಾಲ್ಕನೆಯ ದಿನ, ತಿಂಗಳಿಗೆ, ಮೂರು ತಿಂಗಳಿಗೆ ಫೋನ್ ಮಾಡಿ. ‘ಹೇಗಿದೆ?’ ಎಂದರೆ ‘ಚೆನ್ನಾಗಿದೆ’ ಎನ್ನುತ್ತಾರೆ, ಮಾತು ಮುಗಿಯುತ್ತದೆ. ನಿನ್ನೆ ರಾತ್ರಿ ಎಲ್ಲಿ ಮಲಗಿತ್ತು, ಬೆಳಿಗ್ಗೆ ಯಾರು ಕರೆದೊಯ್ದರು, ಯಾರನ್ನು ಕಂಡರೆ ಗುರ್ ಎನ್ನುತ್ತದೆ, ಯಾರೂ ಇಲ್ಲದಾಗ ಏನು ಮಾಡಿತು ಎಂದು ಕೇಳಿ. ‘ಬಾಲ್ಕನಿಯಲ್ಲಿ ಕಟ್ಟಿದ್ದೆವು’ ಎಂಬ ಉತ್ತರ ಬಂದರೆ ಅದೇ ದಿನ ಸಂಜೆ ಒಬ್ಬರು ಆ ಮನೆಗೆ ಹೋಗಬೇಕು.

ಸಂಘಗಳಲ್ಲಿ ನಮ್ಮ ವಿನಂತಿ: ಮುಂದಿನ ಸಲ ಸಭಾಂಗಣ ಕೊಡುವಾಗ ಸಂಘಟಕರಿಗೆ ಷರತ್ತು ಹಾಕಿ. ಪೆಂಡಾಲಿಗೆ ನಾಯಿಗಳನ್ನು ತರಬೇಡಿ, ಮೈಕು ಬೇಡ, ಮಾತಾಡಲು ನಾಲ್ಕು ಮೇಜು ಸಾಕು. ಮನೆಯಲ್ಲಿ ಇರುವವರು ಶಿಬಿರಕ್ಕೆ ಬರಲಾಗದಿದ್ದರೆ ಬೆಳಿಗ್ಗೆ ಹತ್ತೂವರೆಗೆ, ಅಡುಗೆ ಮುಗಿದ ಹೊತ್ತಿಗೆ, ಫೋನಿನಲ್ಲಿ ಸಿಗುತ್ತಾರೆ. ಕನ್ನಡದ ಅರ್ಜಿಯ ಕರಡು ನಮ್ಮಲ್ಲಿ ಸಿದ್ಧವಿದೆ: ವೇಳಾಪಟ್ಟಿ ಸೇರಿ ಎರಡು ಪುಟ, ಅಕ್ಷರ ದೊಡ್ಡದು. ಕೇಳಿದ ಸಂಘಕ್ಕೆ ಪ್ರತಿ ತಲುಪಿಸುತ್ತೇವೆ. ಹಗಲಿನಲ್ಲಿ ಫೋನ್ ಮಾಡಬಲ್ಲ ಇಬ್ಬರು ಸದಸ್ಯರನ್ನು ನೀವು ಹುಡುಕಿಕೊಡಿ.

ಇಂತಿ,
ಪುಣೆಯಲ್ಲಿ ನಾಯಿಗಳ ದತ್ತು ಕೆಲಸದಲ್ಲಿ ತೊಡಗಿರುವ ಕನ್ನಡಿಗ ಸ್ವಯಂಸೇವಕರು